ಎದೆಹಾಲಿನ ಕೂಸಿನ ವಿರಳ ಮಲವಿಸರ್ಜನೆ

ಎದೆಹಾಲನ್ನಷ್ಟೇ ಕುಡಿದು ಬೆಳೆಯುತ್ತಿರುವ ಕೂಸು ಹುಟ್ಟಿ ಐದಾರು ವಾರ ಕಳೆದ ಮೇಲೆ ಮೂರು ದಿನ, ಐದು ದಿನ, ಕೆಲವೊಮ್ಮೆ ವಾರಕ್ಕೂ ಮಿಕ್ಕಿ ಮಲ ವಿಸರ್ಜಿಸದೆ ಇದ್ದು, ಆಮೇಲೆ ಎಂದಿನಂತೆ ಮೆತ್ತನೆಯ ಹಳದಿ ಮಲವನ್ನೇ ಹೊರಹಾಕುವುದುಂಟು. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಕಡೆಯ ಮನೆಗಳಲ್ಲಿ ‘ಕೂಸಿಗಿ ನಾಕ್ ದಿನ ಆಯ್ತು, ಸಂಡಾಸ ಆಗಿಲ್ಲ’ ಎಂಬ ಆತಂಕದ ಮಾತಾಗಿ ಇದು ಹೊರಬೀಳುತ್ತದೆ. ಕೂಡಲೇ ಹೊಟ್ಟೆ ಕಟ್ಟಿದೆ ಎಂಬ ತೀರ್ಮಾನವೂ ಆಗಿಬಿಡುತ್ತದೆ. ಮಲಬದ್ಧತೆಯನ್ನು ವೈದ್ಯರು ಗುರುತಿಸುವುದು ಮುಖ್ಯವಾಗಿ ಮಲದ ಗಟ್ಟಿತನದಿಂದ, ಹೊರಹೋಗುವಾಗಿನ ನೋವಿನಿಂದ. ಹಿಕ್ಕೆಯಂತೆ ಒಣಗಿದ ಮಲ ದಿನಕ್ಕೊಮ್ಮೆ ಬಂದರೂ ಅದು ಮಲಬದ್ಧತೆ. ಮುಲಾಮಿನಂತೆ ಮೆತ್ತಗಿರುವ ಮಲ ಎಂಟು ದಿನಕ್ಕೊಮ್ಮೆ ಬಂದರೂ ಅಲ್ಲ. ಹಾಗಾದರೆ ದಿನಗಳ ಅಂತರಕ್ಕೆ ಬೆಲೆಯೇ ಇಲ್ಲವೆ? ಇದೆ, ಆದರೆ ಒಂಟಿಯಾಗಿ ಇಲ್ಲ. ಕೂಸಿನ ವಯಸ್ಸು ಮತ್ತು ತೂಕದ ಜೊತೆಗಿಟ್ಟು ನೋಡದ ಹೊರತು ಆ ಅಂತರ ರೋಗವನ್ನೂ ಹೇಳದು, ಆರೋಗ್ಯವನ್ನೂ ಹೇಳದು. ಎರಡೂ ದಿಕ್ಕಿನಲ್ಲಿ ಆಗುವ ತಪ್ಪುಗಳು, ಅಂದರೆ ಆರೋಗ್ಯವಂತ ಕೂಸಿಗೆ ಮದ್ದು ಹಾಕುವುದೂ ಹಸಿದ ಕೂಸನ್ನು ‘ಸಹಜ’ ಎಂದು ಬಿಟ್ಟುಬಿಡುವುದೂ, ಈ ಒಂದು ಅಂಕಿಯನ್ನೇ ನೆಚ್ಚಿದ್ದರ ಫಲ.

ತಿಂಗಳು ತುಂಬಿ ಹುಟ್ಟಿದ ಕೂಸುಗಳಲ್ಲಿ ಹೆಚ್ಚಿನವು ಮೊದಲ 24 ಗಂಟೆಯೊಳಗೆ, ಹೆಚ್ಚುಕಡಿಮೆ ಎಲ್ಲವೂ 48 ಗಂಟೆಯೊಳಗೆ ಕಪ್ಪು-ಹಸಿರು ಬಣ್ಣದ ಅಂಟುಮಲವನ್ನು ಹೊರಹಾಕುತ್ತವೆ. ಗಿಣ್ಣುಹಾಲಿಗೆ ತುಸು ಭೇದಿ ಮಾಡಿಸುವ ಗುಣವಿದೆ. ಅದನ್ನು ಹಿಂಡಿ ಚೆಲ್ಲಿ ಸಕ್ಕರೆ ನೀರೋ ಬೆಲ್ಲದ ನೀರೋ ಕುಡಿಸಿದಲ್ಲಿ ಈ ಮೊದಲ ಮಲ ತಡವಾಗುವ ಸಂಭವ ಹೆಚ್ಚು. ನಾಲ್ಕೈದನೇ ದಿನದ ಹೊತ್ತಿಗೆ ಹಾಲು ಇಳಿದು ಮಲ ಹಳದಿಗೆ ತಿರುಗುತ್ತದೆ, ಕಾಳುಕಾಳಾಗಿ ನೀರಾಗಿ ದಿನಕ್ಕೆ ಮೂರು ನಾಲ್ಕು ಬಾರಿಯಾದರೂ, ಎಷ್ಟೋ ಕೂಸುಗಳಲ್ಲಿ ಪ್ರತಿ ಸಲ ಹಾಲು ಕುಡಿದ ಕೂಡಲೇ ಆಗುತ್ತದೆ. ಜಠರ ತುಂಬಿದಾಗ ದೊಡ್ಡಕರುಳು ತಾನಾಗಿ ಹಿಂಡಿಕೊಳ್ಳುವ ಪ್ರತಿಕ್ರಿಯೆ ಈ ವಯಸ್ಸಿನಲ್ಲಿ ಬಹಳ ಚುರುಕು. ಎರಡನೇ ತಿಂಗಳಲ್ಲಿ ಚಿತ್ರ ಬದಲಾಗುತ್ತದೆ. ಟರ್ಕಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೊದಲ ತಿಂಗಳ ಮಧ್ಯಕ ಸಂಖ್ಯೆ ದಿನಕ್ಕೆ ಆರು ಬಾರಿ ಇದ್ದದ್ದು ಎರಡನೇ ತಿಂಗಳಿಗೆ ಒಂದಕ್ಕೆ ಇಳಿದಿತ್ತು. ಆ ತಿಂಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಕೂಸುಗಳು ದಿನಕ್ಕೊಮ್ಮೆಯೂ ಹೋಗುತ್ತಿರಲಿಲ್ಲ. 2014ರಲ್ಲಿ ಪ್ರಕಟವಾದ ಫ್ರಾನ್ಸಿನ ಇನ್ನೊಂದು ಅಧ್ಯಯನ ಎದೆಹಾಲನ್ನಷ್ಟೇ ಕುಡಿಯುವ ಕೂಸುಗಳನ್ನು ಗಮನಿಸಿದಾಗ, ಮೂರರಲ್ಲಿ ಒಂದಕ್ಕೂ ಹೆಚ್ಚಿನವು ಒಂದಲ್ಲ ಒಂದು ಸಲ ಇಂಥ ವಿರಳತೆಯ ಹಂತ ಹಾಯ್ದಿದ್ದವು. ಇಷ್ಟು ಸಾಮಾನ್ಯವಾದದ್ದನ್ನು ರೋಗವೆಂದು ಕರೆಯುವವರು ಬೇರೆ ಆಧಾರ ಕೊಡಬೇಕಾಗುತ್ತದೆ.

ಕಾರಣ ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ: ‘ಹಾಲೆಲ್ಲ ಮೈಗೆ ಹತ್ತುತ್ತಿದೆ, ಹೊರಹಾಕಲು ಏನೂ ಉಳಿದಿಲ್ಲ.’ ತಾಯಿಯನ್ನು ಸಮಾಧಾನಪಡಿಸಲು ಇದು ಒಳ್ಳೆಯ ಮಾತು, ವಿವರಣೆಯಾಗಿ ಅರ್ಧ ಮಾತ್ರ. ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು ಒಂದು ಗ್ರಾಂ ಪ್ರೋಟೀನು, ಆಕಳ ಹಾಲಿನಲ್ಲಿ ಮೂರು ಗ್ರಾಂಗಿಂತ ಹೆಚ್ಚು. ತಾಯಿಯ ಹಾಲಿನ ಪ್ರೋಟೀನು ಬಹುಪಾಲು ತಿಳಿಯಾದ, ಬೇಗ ಅರಗುವ ಬಗೆಯದು, ಆಕಳ ಹಾಲಿನದು ಬಹುಪಾಲು ಗಡ್ಡೆಗಟ್ಟುವ ಕೇಸೀನ್. ಹೀಗಾಗಿ ಉಳಿಕೆ ಕಡಿಮೆ ಎಂಬುದು ನಿಜ. ಆದರೆ ಅದೇ ಹಾಲಿನಲ್ಲಿ ಕೂಸಿಗೆ ಅರಗದ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಮೇವಾಗುವ ವಿಶೇಷ ಸಕ್ಕರೆಗಳೂ ಇವೆ, ಲೀಟರಿಗೆ 5ರಿಂದ 15 ಗ್ರಾಂನಷ್ಟು. ಅಲ್ಲದೆ ಮೂರನೇ ವಾರದಲ್ಲಿ ಆರು ಸಲ ಮಲವಾಗಿಸಿದ ಹಾಲು ಎಂಟನೇ ವಾರದಲ್ಲಿ ವಾರಗಟ್ಟಲೆ ಏನೂ ಉಳಿಸುವುದಿಲ್ಲವೆಂದರೆ ನಂಬುವುದು ಕಷ್ಟ. ಎಂಟನೇ ದಿನ ಒಮ್ಮೆಲೇ ಬಟ್ಟೆಯೆಲ್ಲ ತೊಯ್ಯುವಷ್ಟು ಮಲ ಬರುವುದೇ ಉಳಿಕೆ ಒಳಗೇ ಕೂಡಿತ್ತು ಎಂಬುದಕ್ಕೆ ಸಾಕ್ಷಿ. ಬದಲಾಗುವುದು ಹಾಲಿಗಿಂತ ಹೆಚ್ಚಾಗಿ ಕರುಳು: ಬಲಿಯುತ್ತ ಹೋದಂತೆ ಅದರ ಸಾಗಣೆ ನಿಧಾನವಾಗುತ್ತದೆ, ನೀರು ಹೀರುವ ಶಕ್ತಿ ಹೆಚ್ಚುತ್ತದೆ, ಹಾಲು ಕುಡಿದೊಡನೆ ಹಿಂಡುವ ಪ್ರತಿಕ್ರಿಯೆ ಮಂದವಾಗುತ್ತದೆ. ಆದರೂ ಕೂಡಿಟ್ಟ ಮಲ ಗಟ್ಟಿಯಾಗದೆ ಉಳಿಯುವುದು ಎದೆಹಾಲಿನ ಗುಣ.

ಈಗ ನಾಣ್ಯದ ಇನ್ನೊಂದು ಮುಖ. ‘ಎದೆಹಾಲಿನ ಕೂಸು ಹತ್ತು ದಿನ ಹೋಗದಿದ್ದರೂ ಚಿಂತೆಯಿಲ್ಲ’ ಎಂಬ ಮಾತು ವಯಸ್ಸನ್ನು ಬಿಟ್ಟು ಊರೆಲ್ಲ ಓಡಾಡುತ್ತದೆ. ಅದು ಎರಡು ವಾರದ ಕೂಸಿಗೆ ಅನ್ವಯಿಸಿದಾಗ ಅಪಾಯಕಾರಿ. ಮೊದಲ ನಾಲ್ಕು ವಾರಗಳಲ್ಲಿ ಮಲ ಕಡಿಮೆಯಾದರೆ ಮೊದಲು ಅನುಮಾನಿಸಬೇಕಾದದ್ದು ಹಾಲು ಹೊಟ್ಟೆಗೆ ಸಾಲುತ್ತಿಲ್ಲ ಎಂಬುದನ್ನು. ಕೂಸು ಮೊಲೆತೊಟ್ಟನ್ನಷ್ಟೇ ಕಚ್ಚಿ ಮೊಲೆಯನ್ನು ಸರಿಯಾಗಿ ಬಾಯಿತುಂಬ ಹಿಡಿಯದಿದ್ದರೆ, ಗಡಿಯಾರ ನೋಡಿ ಹಾಲು ಕೊಟ್ಟರೆ, ಕೂಸು ಕಾಮಾಲೆಯಿಂದ ಮಂಕಾಗಿ ಮಲಗಿಯೇ ಇದ್ದರೆ ಹೀಗಾಗುತ್ತದೆ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿಯಬಾರದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು, ಆಮೇಲೆ ಮೂರು ತಿಂಗಳವರೆಗೆ ದಿನಕ್ಕೆ 20ರಿಂದ 30 ಗ್ರಾಂನಂತೆ ಏರಬೇಕು. ದಿನಕ್ಕೆ ಆರು ಬಾರಿಯಾದರೂ ತಿಳಿಯಾದ ಮೂತ್ರ ಆಗಬೇಕು. ಇವೆರಡೂ ಸರಿಯಿದ್ದರೆ ಎರಡು ತಿಂಗಳ ಕೂಸಿನ ಆರು ದಿನದ ಅಂತರ ಸುಮ್ಮನೆ ಒಂದು ಅಂತರ. ಇವು ಸರಿಯಿಲ್ಲದಿದ್ದರೆ ಹದಿನೈದು ದಿನದ ಕೂಸಿನ ಎರಡು ದಿನದ ಅಂತರವೂ ಹಸಿವಿನ ಕೂಗು, ಅದೂ ಕೆಲವೊಮ್ಮೆ ದನಿಯೇ ಇಲ್ಲದ ಕೂಗು, ಏಕೆಂದರೆ ಹಸಿದು ಸೋತ ಕೂಸು ಅಳುವುದನ್ನೂ ಬಿಡುತ್ತದೆ.

ತೂಕ ನೋಡುವ ವ್ಯವಸ್ಥೆ ಇಲ್ಲವೆಂದೇನಲ್ಲ. 2011ರಲ್ಲಿ ಆರಂಭವಾದ ಮನೆ ಆಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಂತೆ ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬಂದು ತೂಕ ಹಿಡಿದು ಬರೆದುಕೊಳ್ಳಬೇಕು. 2018ರಲ್ಲಿ ಬಂದ ಮುಂದಿನ ಕಾರ್ಯಕ್ರಮದ ಭೇಟಿಗಳು ಶುರುವಾಗುವುದು ಮೂರನೇ ತಿಂಗಳಿಗೆ. ಮಲದ ಅಂತರ ಹಿಗ್ಗುವುದು ಸರಿಯಾಗಿ ಈ 42ನೇ ದಿನದ ಆಚೆ, ಮೂರನೇ ತಿಂಗಳ ಈಚೆ. ಅಂದರೆ ಪ್ರಶ್ನೆ ಹುಟ್ಟುವ ಹೊತ್ತಿಗೆ ಉತ್ತರ ಹೇಳುವವರು ಮನೆಗೆ ಬರುವುದು ನಿಂತಿರುತ್ತದೆ. ಈ ನಡುವಿನ ಖಾಲಿ ಜಾಗಕ್ಕೆ ನೆರೆಮನೆಯ ಸಲಹೆಯೂ ಮೆಡಿಕಲ್ ಅಂಗಡಿಯ ಶೀಸೆಯೂ ಬಂದು ಕೂರುತ್ತವೆ. ಭಾಲ್ಕಿ, ಔರಾದ್, ಕಮಲನಗರದಂಥ ಗಡಿ ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಮೊದಲ ಹೆರಿಗೆ ತವರಿನಲ್ಲಿ. ತವರು ಉದಗೀರದಲ್ಲೋ ದೇಗಲೂರಿನಲ್ಲೋ ನಾರಾಯಣಖೇಡದಲ್ಲೋ ಇದ್ದರೆ ಕೂಸಿನ ಮೊದಲ ತೂಕಗಳು ಮಹಾರಾಷ್ಟ್ರದ ಇಲ್ಲವೆ ತೆಲಂಗಾಣದ ಪುಸ್ತಕದಲ್ಲಿ, ಮುಂದಿನವು ಕರ್ನಾಟಕದ ತಾಯಿ ಕಾರ್ಡಿನಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡದಿದ್ದರೆ ಏರಿಕೆ ಕಾಣುವುದಿಲ್ಲ. ಹಾಗಾಗಿ ಬಾಣಂತಿ ಗಂಡನ ಮನೆಗೆ ಹೊರಡುವಾಗ ಜೊತೆಗೊಯ್ಯಬೇಕಾದ ಮೊದಲ ವಸ್ತು ಆ ಹಳೆಯ ಪುಸ್ತಕ. ಲಸಿಕೆಗೆ ಹೋಗುವ 6, 10 ಮತ್ತು 14ನೇ ವಾರಗಳು ಈ ಕಾಲವನ್ನು ಚೆನ್ನಾಗಿಯೇ ಆವರಿಸುತ್ತವೆ. ಚುಚ್ಚುಮದ್ದಿನ ದಿನ ಕೂಸನ್ನು ತಕ್ಕಡಿಯ ಮೇಲೂ ಮಲಗಿಸಿದರೆ ಪ್ರಶ್ನೆಯ ಬಹುಭಾಗ ಅಲ್ಲೇ ಬಗೆಹರಿಯುತ್ತದೆ.

ಮದ್ದುಗಳ ವಿಷಯದಲ್ಲಿ ತುಸು ನಿಲ್ಲಬೇಕು, ಏಕೆಂದರೆ ಈ ಸ್ಥಿತಿಯಿಂದ ಆಗುವ ಹಾನಿಗಿಂತ ಮದ್ದಿನಿಂದ ಆಗುವ ಹಾನಿ ದೊಡ್ಡದು. ಔಡಲೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟನ್ನು ಗುದದ್ವಾರದಲ್ಲಿ ಆಡಿಸುವುದು, ಸೋಪಿನ ಚೂರು ಇಡುವುದು, ಔಡಲೆಣ್ಣೆಯನ್ನೇ ಬಾಯಿಗೆ ಬಿಡುವುದು, ಬಜೆ-ಜಾಯಿಕಾಯಿ ತೇಯ್ದು ಘುಟ್ಟಿ ನೆಕ್ಕಿಸುವುದು, ಜೇನು ಸವರುವುದು ಈ ಸೀಮೆಯ ಕನ್ನಡ, ಮರಾಠಿ, ದಖನಿ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಸೋಪು ಗುದದ ಒಳಪೊರೆಯನ್ನು ಸುಡುತ್ತದೆ. ಅಳುವ ಕೂಸಿನ ಬಾಯಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹಟಮಾರಿ ನ್ಯುಮೋನಿಯಾ ಬರುತ್ತದೆ. ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಗುರುತಿಸಲಾದ ಶಿಶು ಬಾಟುಲಿಸಂನ ಮೊದಲ ಲಕ್ಷಣವೇ ಮಲ ಕಟ್ಟುವುದು, ಆಮೇಲೆ ರೆಪ್ಪೆ ಜೋತು, ಅಳು ಕ್ಷೀಣಿಸಿ, ಚೀಪುವ ಶಕ್ತಿ ಕುಂದುತ್ತದೆ. ವರ್ಷ ತುಂಬುವವರೆಗೆ ಜೇನು ಬೇಡವೆನ್ನುವುದು ಇದಕ್ಕೇ. ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವುದು ನೋಡಲು ನಿರಪಾಯವೆನಿಸುವ ಮೇಲುಹಾಲು. ಎದೆಹಾಲು ಸಾಲದೇ ಹೀಗಾಗಿದೆ ಎಂದು ನೀರು ಬೆರೆಸಿದ ಆಕಳ ಹಾಲೋ ಎಮ್ಮೆ ಹಾಲೋ ಡಬ್ಬಿ ಪುಡಿಯೋ ಶುರುವಾದರೆ, ಕೇಸೀನ್ ಗಡ್ಡೆಯಿಂದ ಮಲ ನಿಜಕ್ಕೂ ಗಟ್ಟಿಯಾಗುತ್ತದೆ. ಅತ್ತ ಕೂಸು ಚೀಪುವುದು ಕಡಿಮೆಯಾದಷ್ಟೂ ಎದೆಯಲ್ಲಿ ಹಾಲು ಹುಟ್ಟುವುದೂ ಕಡಿಮೆಯಾಗುತ್ತದೆ. ಇಲ್ಲದ ಮಲಬದ್ಧತೆಗೆ ಕೊಟ್ಟ ಮದ್ದು ಇರುವ ಮಲಬದ್ಧತೆಯನ್ನು ತಂದಿಡುತ್ತದೆ.

ಹಿರಿಯರ ಆಕ್ಷೇಪ ಸರಳ: ತೊಟ್ಟು ಆಡಿಸಿದ ಗಳಿಗೆಯಲ್ಲೇ ಕೂಸಿಗೆ ಆಯಿತಲ್ಲ, ಕಣ್ಣಾರೆ ಕಂಡದ್ದನ್ನು ಸುಳ್ಳೆನ್ನುವುದು ಹೇಗೆ? ಸುಳ್ಳಲ್ಲ. ಗುದದ್ವಾರವನ್ನು ಕೆಣಕಿದರೆ ಮಲ ಬರುತ್ತದೆ. ಕೆಣಕದಿದ್ದರೂ ಅದು ಬರುತ್ತಿತ್ತು ಎಂಬುದನ್ನು ನೋಡಲು ಯಾರೂ ಕಾಯುವುದಿಲ್ಲ, ಅಷ್ಟೆ. ಪದೇ ಪದೇ ಕೆಣಕಿದ ಕೂಸು ತಾನಾಗಿ ತಿಣುಕುವುದನ್ನು ಕಲಿಯಲು ತಡಮಾಡಬಹುದು ಎಂಬ ಭಯವೂ ವೈದ್ಯರಿಗಿದೆ. ಎರಡನೆಯ ಆಕ್ಷೇಪ ಬಿಸಿಲಿನದು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಸೀಮೆಯಲ್ಲಿ ಒಂದು ಚಮಚ ನೀರು ಕೊಡದಿರುವುದು ನಿರ್ದಯವೆನಿಸುತ್ತದೆ. ಆದರೆ ಎದೆಹಾಲಿನ ನೂರು ಪಾಲಿನಲ್ಲಿ ಸುಮಾರು 87 ಪಾಲು ನೀರೇ. ಸೆಕೆಯ ದೇಶಗಳಲ್ಲೂ ಆರು ತಿಂಗಳವರೆಗೆ ಬೇರೆ ನೀರು ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಬಿಸಿಲಿನಲ್ಲಿ ಹೆಚ್ಚು ನೀರು ಬೇಕಾದದ್ದು ತಾಯಿಗೆ, ಹೆಚ್ಚು ಸಲ ಮೊಲೆ ಬೇಕಾದದ್ದು ಕೂಸಿಗೆ. ಬಾಣಂತಿಗೆ ನೀರನ್ನೇ ಅಳೆದು ಕೊಡುವ ಮನೆಗಳಲ್ಲಿ ಈ ಲೆಕ್ಕ ತಲೆಕೆಳಗಾಗಿರುತ್ತದೆ. ಬಾಣಂತಿ ತಿಂದದ್ದರಿಂದ ಕೂಸಿನ ಹೊಟ್ಟೆ ಕಟ್ಟಿತು ಎಂಬ ಆರೋಪಕ್ಕಂತೂ ಗಟ್ಟಿ ಆಧಾರವಿಲ್ಲ. ಅವಳ ತಟ್ಟೆಯಿಂದ ತೊಗರಿ ಬೇಳೆ, ಸೊಪ್ಪು ಕಿತ್ತುಕೊಂಡರೆ ಅವಳು ಸೊರಗುತ್ತಾಳೆಯೇ ಹೊರತು ಕೂಸಿಗೆ ಏನೂ ಆಗದು. ಅಪವಾದ ಒಂದುಂಟು: ಕೆಲವೇ ಕೂಸುಗಳಿಗೆ ತಾಯಿ ಕುಡಿದ ಆಕಳ ಹಾಲಿನ ಪ್ರೋಟೀನು ಒಗ್ಗುವುದಿಲ್ಲ, ಆದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಮಲದಲ್ಲಿ ರಕ್ತ, ಬರಿಯ ಅಂತರವಲ್ಲ.

ತೂಕವುಳ್ಳ ಆಕ್ಷೇಪ ವೈದ್ಯರದು. ಎಲ್ಲರಿಗೂ ಸಹಜ, ಸಹಜ ಎನ್ನುತ್ತ ಹೋದರೆ ನಿಜವಾದ ರೋಗ ಕೈತಪ್ಪುವುದಿಲ್ಲವೆ? ದೊಡ್ಡಕರುಳಿನ ಕೊನೆಯ ಭಾಗದಲ್ಲಿ ನರಕಣಗಳೇ ಇಲ್ಲದೆ ಮಲ ಮುಂದೆ ಸಾಗದ ಹಿರ್ಷ್‌ಸ್ಪ್ರಂಗ್ ರೋಗ ಸುಮಾರು 5,000 ಹೆರಿಗೆಗಳಿಗೆ ಒಂದರಂತೆ ಕಾಣುತ್ತದೆ. 1886ರಲ್ಲಿ ಡೆನ್ಮಾರ್ಕಿನ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರಂಗ್ ಅದನ್ನು ವಿವರಿಸಿದಾಗ ಆ ಕೂಸುಗಳು ಸತ್ತಿದ್ದವು, ಕಾರಣ ಆಗಿನ್ನೂ ತಿಳಿದಿರಲಿಲ್ಲ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸಿನಲ್ಲೂ ಮಲ ತಡವಾಗುತ್ತದೆ, ಜೊತೆಗೆ ಹೋಗದ ಕಾಮಾಲೆ, ಸಡಿಲ ಮೈ, ಮಂಕುತನ. ಈ ಭಯ ನ್ಯಾಯವಾದದ್ದೇ. ಆದರೆ ಇವು ಯಾವುದನ್ನೂ ದಿನಗಳ ಎಣಿಕೆ ಹಿಡಿದುಕೊಡುವುದಿಲ್ಲ; ಹಿಡಿದುಕೊಡುವುದು ಚರಿತ್ರೆ. ಹಿರ್ಷ್‌ಸ್ಪ್ರಂಗ್ ಇರುವ ಕೂಸು ಬಹುಮಟ್ಟಿಗೆ ಮೊದಲ 24 ಗಂಟೆಯೊಳಗೆ ಅಂಟುಮಲ ಹೋಗಿರುವುದಿಲ್ಲ, ಹೊಟ್ಟೆ ಉಬ್ಬಿರುತ್ತದೆ, ಹಸಿರು ವಾಂತಿ ಬರುತ್ತದೆ. ಐದು ವಾರ ದಿನಕ್ಕೆ ಐದು ಸಲ ಹೋಗುತ್ತಿದ್ದು ಆಮೇಲೆ ನಿಧಾನವಾದ ಕೂಸಿನ ಕತೆಯೇ ಬೇರೆ. ಆದ್ದರಿಂದ ‘ಎಷ್ಟು ದಿನವಾಯಿತು’ ಎನ್ನುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ‘ಹುಟ್ಟಿದಾಗ ಮೊದಲ ಮಲ ಯಾವಾಗ ಆಯಿತು’ ಎಂಬುದು. ಹಸಿರು ವಾಂತಿ, ಬಿಗಿದು ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ, ಜ್ವರ, ಹಾಲು ಬಿಟ್ಟದ್ದು, ಏರದ ತೂಕ ಇವುಗಳಲ್ಲಿ ಒಂದಿದ್ದರೂ ದಿನ ಎಣಿಸದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಯಿಂದ ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಬ್ರಿಮ್ಸ್‌ಗೆ, ಮಕ್ಕಳ ಶಸ್ತ್ರಚಿಕಿತ್ಸೆ ಬೇಕಾದರೆ ಸುಮಾರು 140 ಕಿಲೋಮೀಟರ್ ದೂರದ ಹೈದರಾಬಾದಿಗೆ. ಯಾವ ಲಕ್ಷಣವೂ ಇಲ್ಲದೆ ವಾರ, ಹತ್ತು ದಿನ ದಾಟಿದರೂ ಒಮ್ಮೆ ಹೊಟ್ಟೆ ಮುಟ್ಟಿ ನೋಡಿಸುವುದು ಒಳ್ಳೆಯದು, ಆ ಗಡುವು ಅನುಭವದಿಂದ ಹಾಕಿಕೊಂಡದ್ದು, ಎಂಟನೇ ದಿನ ಏನೋ ಕೆಡುತ್ತದೆ ಎಂದಲ್ಲ.

ಇದರೊಡನೆ ಬೆರೆತುಹೋಗುವ ಇನ್ನೊಂದು ಸ್ಥಿತಿಯನ್ನು ಬೇರ್ಪಡಿಸಿ ನೋಡಬೇಕು. ಕೂಸು ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ತಿಣುಕಿ, ಮುಖ ಕೆಂಪಾಗಿಸಿ ಅತ್ತು, ಕೊನೆಗೆ ಮೆತ್ತನೆಯ ಮಲವನ್ನೇ ಹಾಕುತ್ತದೆ. ಹೊಟ್ಟೆ ಹಿಂಡುವಾಗ ಗುದದ ಸ್ನಾಯುವನ್ನು ಸಡಿಲಿಸಬೇಕೆಂಬ ಹೊಂದಾಣಿಕೆ ಅದಕ್ಕಿನ್ನೂ ಬಂದಿರುವುದಿಲ್ಲ. ಜಠರ-ಕರುಳಿನ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ 2016ರ ರೋಮ್ ಮಾನದಂಡಗಳು ಒಂಬತ್ತು ತಿಂಗಳೊಳಗಿನ ಕೂಸಿನಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿ, ಮಲಬದ್ಧತೆಯಿಂದ ಹೊರಗಿಟ್ಟಿವೆ, ಮದ್ದು ಬೇಕಿಲ್ಲ. ಕಾಲು ಮಡಿಸಿ ಹೊಟ್ಟೆಯತ್ತ ಒತ್ತುವುದು, ಎಣ್ಣೆ ಹಚ್ಚಿ ಹೊಟ್ಟೆಯನ್ನು ಮೆಲ್ಲಗೆ ನೀವುವುದು ಕೂಸಿಗೆ ಹಿತ, ಅಜ್ಜಿಯ ಕೈಗೂ ಒಂದು ಕೆಲಸ. ಆರು ತಿಂಗಳ ನಂತರ ಜೋಳದ ಗಂಜಿ, ಬೇಳೆಕಟ್ಟು, ಬಾಳೆಹಣ್ಣು ಶುರುವಾದೊಡನೆ ಮಲದ ಬಣ್ಣ, ವಾಸನೆ, ಹದ, ಲೆಕ್ಕ ಎಲ್ಲ ಬದಲಾಗುತ್ತವೆ. ಆಗ ನಾಲ್ಕು ದಿನದ ಅಂತರದ ನಂತರ ಗಟ್ಟಿ ಮಲ ಬಂದರೆ ಅದು ನಿಜವಾದ ಮಲಬದ್ಧತೆಯೇ, ಅದಕ್ಕೆ ಈ ಲೇಖನದ ಸಮಾಧಾನಗಳು ಅನ್ವಯಿಸುವುದಿಲ್ಲ.