ಬಂಗುಡೆ ಹೊತ್ತ ದಾರಿ

ಕ್ಯೋಟೋ ನಗರದಿಂದ ಉತ್ತರದ ಬೆಟ್ಟಗಳನ್ನು ಹತ್ತಿಳಿದು, 800 ಮೀಟರಿಗೂ ಎತ್ತರದ ನೆಗೋರಿ ಘಾಟಿಯನ್ನು ದಾಟಿದವರು ಕೊನೆಗೆ ಜಪಾನ್ ಸಮುದ್ರದ ದಂಡೆಯ ಒಬಾಮಾ ಪಟ್ಟಣಕ್ಕೆ ಬಂದು ಮುಟ್ಟುತ್ತಾರೆ. ಅಮೆರಿಕದ ಮಾಜಿ ಅಧ್ಯಕ್ಷರಿಗೂ ಈ ಊರಿಗೂ ಹೆಸರಿನ ಹೊರತು ಸಂಬಂಧವಿಲ್ಲ. ಎರಡು ಮೂರು ದಿನದ ನಡಿಗೆಯಿಂದ ಮೊಣಕಾಲು ಸೋತಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಆಗ ಮೂಗಿಗೆ ಬಡಿಯುವುದು ಸುಟ್ಟ ಮೀನಿನ ವಾಸನೆ. ಇಡೀ ಮೀನನ್ನು ಬಿದಿರಿನ ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟು, ಶುಂಠಿ ಮತ್ತು ಸೋಯಾ ಸಾಸ್ ಜೊತೆ ಕೊಡುತ್ತಾರೆ. ಆ ಮೀನಿನ ಹೆಸರು ಸಬಾ. ನಮ್ಮ ಕರಾವಳಿಯ ಬಂಗುಡೆಯ ದಾಯಾದಿ.

ಇಂದಿನ ಚಾರಣಿಗರಿಗೆ ಮೀನು ಸಿಗುವುದು ದಾರಿ ಮುಗಿದ ಮೇಲೆ. ಆದರೆ ಈ ದಾರಿಯನ್ನು ಸವೆಸಿದವರ ನಡಿಗೆ ಶುರುವಾಗುತ್ತಿದ್ದುದೇ ಮೀನಿನಿಂದ. ಅವರು ಎದುರು ದಿಕ್ಕಿನಲ್ಲಿ, ಹೆಗಲ ಮೇಲೆ ಹೊರೆ ಹೊತ್ತು ನಡೆಯುತ್ತಿದ್ದರು.

ಒಬಾಮಾ ಇರುವ ಸೀಮೆಯ ಹಳೆಯ ಹೆಸರು ವಕಾಸಾ. ಅರಮನೆಯ ಅಡುಗೆಮನೆಗೆ ಉಪ್ಪು, ಮೀನು ಒದಗಿಸುವುದು ಈ ಸೀಮೆಯ ಪಾಲಿಗೆ ಬಂದ ಕೆಲಸ. 8ನೇ ಶತಮಾನದಲ್ಲಿ ರಾಜಧಾನಿಯಾಗಿದ್ದ ನಾರಾದಲ್ಲಿ ಅಗೆದಾಗ, ವಕಾಸಾದಿಂದ ಬಂದ ಸರಕಿಗೆ ಕಟ್ಟಿದ್ದ ಮರದ ಚೀಟಿಗಳು ಸಿಕ್ಕಿವೆ. 794ರಲ್ಲಿ ರಾಜಧಾನಿ ಕ್ಯೋಟೋಗೆ ಬಂತು. ಸುತ್ತ ಬೆಟ್ಟ, ಸಮುದ್ರ ದೂರ. ಹೀಗಾಗಿ ನಗರಕ್ಕೆ ಸಮುದ್ರವನ್ನು ಹೊತ್ತು ತರಬೇಕಾಯಿತು.

ಈ ದಾರಿಯಲ್ಲಿ ಹೋದದ್ದು ಮೀನು ಮಾತ್ರವಲ್ಲ. 1408ರಲ್ಲಿ ದಕ್ಷಿಣದ ಸಮುದ್ರಗಳಿಂದ ಬಂದ ಹಡಗೊಂದು ಒಬಾಮಾದಲ್ಲಿ ಆನೆಯೊಂದನ್ನು ಇಳಿಸಿತು. ಅದು ಕ್ಯೋಟೋದ ಶೋಗನ್‌ಗೆ ಬಂದ ಕಾಣಿಕೆ. ಜಪಾನ್ ಕಂಡ ಮೊದಲ ಆನೆ ಅದೇ ಎನ್ನುತ್ತಾರೆ.

ಬಂಗುಡೆ ಕೊಂಡವರಿಗೆಲ್ಲ ಅದರ ಸ್ವಭಾವ ಗೊತ್ತು. ಬೆಳಿಗ್ಗೆ ಹೊಳೆಯುವ ಮೀನು ಮಧ್ಯಾಹ್ನಕ್ಕೆ ಮೆತ್ತಗಾಗುತ್ತದೆ. ಬಂಗುಡೆ ಜೀವವಿರುವಾಗಲೇ ಕೊಳೆಯುತ್ತದೆ ಎಂಬ ಅರ್ಥದ ಮಾತು ಜಪಾನಿನಲ್ಲೂ ಇದೆ. ಆದ್ದರಿಂದ ಒಬಾಮಾದಲ್ಲಿ ಹಸಿಮೀನಿಗೆ ಉಪ್ಪು ಹಾಕಿ ಹೊರೆ ಕಟ್ಟುತ್ತಿದ್ದರು. 18ನೇ ಶತಮಾನದ ಅಲ್ಲಿನ ಮೀನು ವ್ಯಾಪಾರದ ದಾಖಲೆಯಲ್ಲೇ ಇದರ ಉಲ್ಲೇಖವಿದೆ. ಕ್ಯೋಟೋ ಎಷ್ಟು ದೂರವಾದರೂ 18 ರಿ ತಾನೇ ಎಂಬುದು ಹೊರೆಯವರ ದಾರಿಯ ನಾಣ್ಣುಡಿ. 18 ರಿ ಅಂದರೆ ಸುಮಾರು 70 ಕಿಲೋಮೀಟರ್. ಹಗಲೂ ರಾತ್ರಿ ನಡೆದು ನಗರ ಮುಟ್ಟುವ ಹೊತ್ತಿಗೆ ಉಪ್ಪು ಮೀನಿಗೆ ಹದವಾಗಿ ಹಿಡಿದಿರುತ್ತಿತ್ತಂತೆ. ಎಂದರೆ ಆ ರುಚಿಯಲ್ಲಿ ಹೊರೆಯವರ ಹೆಜ್ಜೆಗಳೂ ಸೇರಿದ್ದವು.

ಆ ಮೀನನ್ನು ಕ್ಯೋಟೋದವರು ವಿನೆಗರ್‌ನಲ್ಲಿ ನೆನೆಸಿ, ಅನ್ನದ ಮೇಲಿಟ್ಟು ಒತ್ತಿ, ಕೊಂಬು ಎಂಬ ಕಡಲಪಾಚಿಯಲ್ಲಿ ಸುತ್ತಿ ಸಬಾಜುಷಿ ಮಾಡಿದರು. ಅದು ಹಬ್ಬದೂಟವಾಯಿತು. ಜುಲೈನ ಗಿಯೋನ್ ಹಬ್ಬದಲ್ಲಿ ಇಂದಿಗೂ ಉಣ್ಣುತ್ತಾರೆ. ಆ ತಿನಿಸಿನ ಹೆಸರು ಉಳಿಯಿತು. ಹೊತ್ತವರ ಹೆಸರನ್ನು ಬರೆದಿಟ್ಟವರಿಲ್ಲ.

1918ರಲ್ಲಿ ಒಬಾಮಾಕ್ಕೆ ರೈಲು ಬಂತು, ಆಮೇಲೆ ಲಾರಿ. ಹೆಗಲ ಹೊರೆ ನಿಂತಿತು. ‘ಸಬಾ ಕೈದೋ’, ಅಂದರೆ ಬಂಗುಡೆ ಹೆದ್ದಾರಿ, ಎಂಬ ಹೆಸರು ಜನಪ್ರಿಯವಾದದ್ದು ಹೊರೆಯವರು ಮರೆಯಾದ ಮೇಲೆಯೇ. 2015ರಲ್ಲಿ ಸರ್ಕಾರ ಈ ದಾರಿಯ ಕಥೆಯನ್ನು ‘ಜಪಾನ್ ಪರಂಪರೆ’ಯ ಮೊದಲ ಪಟ್ಟಿಗೆ ಸೇರಿಸಿತು. ಹಿಂದೆ ಹೊಟ್ಟೆಪಾಡಿಗೆ ಹತ್ತುತ್ತಿದ್ದ ಘಾಟಿಯನ್ನು ಈಗ ಜನ ರಜೆ ಹಾಕಿ, ಬೆಲೆಬಾಳುವ ಬೂಟು ತೊಟ್ಟು ಹತ್ತುತ್ತಾರೆ.

ಅಷ್ಟರಲ್ಲಿ ಮೀನೇ ಕಡಿಮೆಯಾಗಿದೆ. 1970ರ ದಶಕದಲ್ಲಿ ಬಲೆ ತುಂಬ ಸಿಗುತ್ತಿದ್ದ ಬಂಗುಡೆ ಒಬಾಮಾದ ಕೊಲ್ಲಿಯಲ್ಲಿ ಈಗ ವಿರಳ. ದಣಿದು ಬಂದ ಚಾರಣಿಗ ಅಂಗಡಿಯ ಮುಂದೆ ನಿಂತು ತಿನ್ನುವ ಸುಟ್ಟ ಮೀನು ಬಹಳ ಸಲ ನಾರ್ವೆಯಿಂದ ಹೆಪ್ಪುಗಟ್ಟಿಸಿ ತಂದದ್ದು. ಊರಿನವರು ಇದನ್ನು ಮುಚ್ಚಿಡುವುದಿಲ್ಲ. ಸುಡುವ ಕೈಗುಣ ತಮ್ಮದು ಎನ್ನುವುದು ಅವರ ಸಮಾಧಾನ.

ಆದರೂ ಕೈಕಟ್ಟಿ ಕೂತಿಲ್ಲ. 2016ರಿಂದ ಒಬಾಮಾದಲ್ಲಿ ಸಮುದ್ರದೊಳಗೇ ಬಲೆಗೂಡು ಕಟ್ಟಿ ಬಂಗುಡೆ ಸಾಕುತ್ತಿದ್ದಾರೆ. ಮೇವಿನ ಜೊತೆ ಸಾಕೆ ತಯಾರಿಸಿ ಉಳಿದ ಹಿಂಡಿ ಬೆರೆಸುವುದರಿಂದ ಅದಕ್ಕೆ ‘ಕುಡುಕ ಬಂಗುಡೆ’ ಎಂದು ತಮಾಷೆಯ ಹೆಸರಿಟ್ಟಿದ್ದಾರೆ. ಹಸಿಯಾಗಿಯೇ ತೆಳ್ಳಗೆ ಹೆಚ್ಚಿ ಬಡಿಸುತ್ತಾರೆ. ಆ ಹಿಂಡಿ ಬರುವುದು ಕ್ಯೋಟೋದ ಸಾಕೆ ಮನೆಯಿಂದ. ಸಾವಿರ ವರ್ಷ ಮೀನು ತರಿಸಿಕೊಂಡು ಉಂಡ ನಗರ, ಈಗ ಅದೇ ಬೆಟ್ಟಗಳನ್ನು ದಾಟಿಸಿ ಮೀನಿಗೆ ಮೇವು ಕಳಿಸುತ್ತಿದೆ.