ಹೊನ್ನಾವರದ 13 ಹೆಣ್ಣುಮಕ್ಕಳ ಶಾಲೆಗಳು

ಮುಸ್ಲಿಮ್ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಾತು ಬಂದಾಗಲೆಲ್ಲ ಅದು ಇತ್ತೀಚಿನ ಕಾಲದ ಬೆಳವಣಿಗೆ ಎಂಬ ಧ್ವನಿ ಕೇಳಿಬರುತ್ತದೆ. ಹೊರಗಿನವರು ಆರೋಪವೆಂಬಂತೆ ಹಾಗೆ ಹೇಳುತ್ತಾರೆ. ನಮ್ಮೊಳಗಿನ ಕೆಲವರು ಅದೇ ಮಾತನ್ನು ಸಂಪ್ರದಾಯದ ಹೆಸರಿನಲ್ಲಿ ಆಡುತ್ತಾರೆ. ಇಬ್ಬರೂ ಓದಬೇಕಾದ ಒಂದು ಪುಟ ಸುಮಾರು ಏಳು ಶತಮಾನಗಳಷ್ಟು ಹಿಂದಿನ ಅರಬಿ ಪ್ರವಾಸ ಗ್ರಂಥವೊಂದರಲ್ಲಿದೆ. ಆ ಪುಟದಲ್ಲಿರುವ ಊರು ಬಗ್ದಾದ್ ಅಲ್ಲ, ಕೈರೋ ಅಲ್ಲ, ನಮ್ಮ ಶರಾವತಿ ಕಡಲನ್ನು ಸೇರುವಲ್ಲಿರುವ ಹೊನ್ನಾವರ.

ಇಬ್ನ್ ಬತೂತ ಅವರು 1304ರಲ್ಲಿ ಮೊರೊಕ್ಕೊದ ತಾಂಜೀರ್ ನಗರದಲ್ಲಿ ಜನಿಸಿದರು. 1325ರಲ್ಲಿ ಹಜ್ಜ್ ಯಾತ್ರೆಗೆಂದು ಮನೆಬಿಟ್ಟವರು ಮರಳಿ ತಾಯ್ನಾಡನ್ನು ಕಂಡದ್ದು ಸುಮಾರು ಕಾಲು ಶತಮಾನದ ಬಳಿಕ. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ಖಾಝಿಯಾಗಿ ನೇಮಿಸಿದನು. ಮುಂದೆ ಚೀನಾದ ಚಕ್ರವರ್ತಿಗೆ ಉಡುಗೊರೆಗಳನ್ನು ಒಯ್ಯುವ ರಾಯಭಾರಿಯಾಗಿ ಕಳುಹಿಸಿದನು. ಆ ಉಡುಗೊರೆಗಳು ಚೀನಾ ತಲುಪಲೇ ಇಲ್ಲ. ಕಲ್ಲಿಕೋಟೆಯ ಬಂದರಿನಲ್ಲಿ ಬಿರುಗಾಳಿಗೆ ಸಿಕ್ಕಿ ಹಡಗು ಒಡೆದುಹೋಯಿತು. ಜುಮುಅ ನಮಾಝ್‌ಗಾಗಿ ದಡದಲ್ಲೇ ಉಳಿದಿದ್ದುದರಿಂದ ಇಬ್ನ್ ಬತೂತರ ಜೀವ ಉಳಿಯಿತು. ಬರಿಗೈಯಲ್ಲಿ ತುಘ್ಲಕನ ಮುಂದೆ ನಿಲ್ಲುವ ಧೈರ್ಯ ಯಾರಿಗಿದ್ದೀತು? ಅವರು ಆಶ್ರಯಕ್ಕಾಗಿ, ಹೋಗುವ ದಾರಿಯಲ್ಲಿ ತಾವು ಕಂಡಿದ್ದ 'ಹಿನವ್ರ್' ಎಂಬ ಊರಿಗೆ ಹಿಂದಿರುಗಿದರು. ಅದೇ ಹೊನ್ನಾವರ.

ಅಲ್ಲಿನ ಆಡಳಿತಗಾರ ಸುಲ್ತಾನ್ ಜಮಾಲುದ್ದೀನ್. ಇವರು ಸ್ವತಂತ್ರ ಅರಸರಾಗಿರಲಿಲ್ಲ; 'ಹರ್ಯಬ್' ಎಂಬ ಮುಸ್ಲಿಮೇತರ ರಾಜನಿಗೆ ಅಧೀನರಾಗಿದ್ದರೆಂದು ಗ್ರಂಥವು ಹೇಳುತ್ತದೆ. ಈ ಹರ್ಯಬ್ ಎಂದರೆ ವಿಜಯನಗರದ ಒಂದನೆಯ ಹರಿಹರನೆಂಬುದು ವಿದ್ವಾಂಸರ ಅಭಿಪ್ರಾಯ. ಸುಲ್ತಾನರ ನೌಕಾಬಲಕ್ಕೆ ಅಂಜಿ ಮಲಬಾರಿನವರು ವರ್ಷಕ್ಕಿಷ್ಟೆಂದು ಹಣ ಸಲ್ಲಿಸುತ್ತಿದ್ದರು. ಜನರು ಶಾಫಿಈ ಮದ್ಹಬ್‌ನವರು, ಕಡಲ ವ್ಯಾಪಾರವನ್ನೇ ನಂಬಿ ಬದುಕಿದವರು. ಇಂದಿಗೂ ಭಟ್ಕಳ, ಹೊನ್ನಾವರಗಳ ನವಾಯತರು ಶಾಫಿಈಗಳೇ ಆಗಿರುವುದನ್ನು ಇಲ್ಲಿ ನೆನೆಯಬಹುದು.

ಇನ್ನು ಆ ಪುಟಕ್ಕೆ ಬರೋಣ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳನ್ನೂ ಗಂಡುಮಕ್ಕಳಿಗಾಗಿ 23 ಶಾಲೆಗಳನ್ನೂ ಕಂಡೆನೆಂದು ಇಬ್ನ್ ಬತೂತ ದಾಖಲಿಸಿದ್ದಾರೆ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂಬ ಮಾತನ್ನೂ ಸೇರಿಸಿದ್ದಾರೆ. ಅಲ್ಲಿನ ಸ್ತ್ರೀಯರೆಲ್ಲರಿಗೂ ಕುರ್‌ಆನ್ ಕಂಠಪಾಠವಾಗಿತ್ತಂತೆ. ಅವರು ಹೊಲಿದ ಬಟ್ಟೆಯನ್ನು ಉಡುತ್ತಿರಲಿಲ್ಲ. ಒಂದೇ ಉದ್ದನೆಯ ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ, ಉಳಿದುದನ್ನು ತಲೆಯ ಮೇಲೂ ಎದೆಯ ಮೇಲೂ ಹೊದೆಯುತ್ತಿದ್ದರು. ಮೂಗಿನಲ್ಲಿ ಚಿನ್ನದ ಮೂಗುತಿ. ಸೀರೆಯುಟ್ಟು, ಮೂಗುತಿ ಧರಿಸಿ, ಕುರ್‌ಆನ್ ಹೃದಯದಲ್ಲಿರಿಸಿಕೊಂಡ ಈ ಮಹಿಳೆಯರ ಚಿತ್ರವು ನಮ್ಮ ಕಾಲದ ಎಷ್ಟೋ ವಾಗ್ವಾದಗಳಿಗೆ ಹೊಂದುವುದೇ ಇಲ್ಲ.

ಎಲ್ಲರಿಗೂ ಕಂಠಪಾಠವೆಂಬುದರಲ್ಲಿ ಪ್ರವಾಸಿಗನ ಮೆಚ್ಚುಗೆಯ ಉತ್ಪ್ರೇಕ್ಷೆ ಇರಬಹುದೆಂದು ಒಪ್ಪೋಣ. ಗ್ರಂಥವು ಫೆಝ್ ನಗರದಲ್ಲಿ ಇಬ್ನ್ ಜುಝಯ್ಯ್ ಎಂಬ ವಿದ್ವಾಂಸರ ಲೇಖನಿಯಿಂದ ಪೂರ್ಣಗೊಂಡದ್ದು 1355ರಲ್ಲಿ. ಹೊನ್ನಾವರದ ವಾಸ ಮುಗಿದು ಆಗಲೇ ಹತ್ತು ವರ್ಷ ಮೀರಿತ್ತು. ಆದರೆ 13 ಎಂಬುದು ಬಾಯಿಗೆ ಬಂದಂತೆ ಹೇಳುವ ಸಂಖ್ಯೆಯಲ್ಲ. ಹೇಳಿದವರು ಯಾರೆಂಬುದನ್ನೂ ಗಮನಿಸಬೇಕು. ಇವರು ದಮಾಸ್ಕಸ್‌ನಲ್ಲಿ ಝೈನಬ್ ಬಿಂತ್ ಕಮಾಲ್ ಎಂಬ ಹದೀಸ್ ವಿದುಷಿಯಿಂದ ಇಜಾಝತ್, ಅಂದರೆ ಬೋಧಿಸುವ ಅನುಮತಿಯನ್ನು ಪಡೆದವರು. ವಿದ್ಯಾವಂತ ಮಹಿಳೆ ಅವರಿಗೆ ಸೋಜಿಗವಾಗಿರಲಿಲ್ಲ. ಸೋಜಿಗವಾದದ್ದು ಒಂದು ಸಣ್ಣ ಬಂದರು ಪಟ್ಟಣವು ಸಾಮಾನ್ಯ ಮನೆಗಳ ಹೆಣ್ಣುಮಕ್ಕಳಿಗಾಗಿ ಅಷ್ಟೊಂದು ಶಾಲೆಗಳನ್ನು ನಡೆಸುತ್ತಿದ್ದುದು.

ಊಟದ ವರ್ಣನೆಯನ್ನು ಬಿಟ್ಟು ಮುಂದೆ ಹೋಗಲು ನಮಗೆ ಮನಸ್ಸಾಗದು. ಸುಲ್ತಾನರ ಮನೆಯಲ್ಲಿ ಬಡಿಸುತ್ತಿದ್ದ ತಾಮ್ರದ ತಟ್ಟೆಯನ್ನು 'ತಾಲಮ್' ಎಂದು ಕರೆಯುತ್ತಿದ್ದರಂತೆ. ನಮ್ಮ ತಳಿಗೆಯ ನೆನಪಾಗುತ್ತದೆ. ದೊಡ್ಡ ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಬದಿಯಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಬಳಿಕ ಕೋಳಿ, ಮತ್ತೆ ಅನ್ನ, ಮೀನು, ತರಕಾರಿ. ಕೊನೆಗೆ ಹುಳಿ ಮಜ್ಜಿಗೆ. ಕರಾವಳಿಯ ಯಾವ ಮನೆಯಲ್ಲಿ ಈ ಕ್ರಮ ಅಪರಿಚಿತ? ಮಜ್ಜಿಗೆ ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕು ಎಂದು ಮೊರೊಕ್ಕೊದ ಅತಿಥಿ ಬರೆದುಕೊಂಡಿದ್ದಾರೆ. ಪಾಪ, ರೊಟ್ಟಿ ತಿಂದು ಬೆಳೆದವರು. ಈ ಸುಲ್ತಾನರ ಬಳಿ 11 ತಿಂಗಳು ರೊಟ್ಟಿಯ ಮುಖವನ್ನೇ ಕಾಣಲಿಲ್ಲವಂತೆ. ಮುಂದೆ ಮಾಲ್ದೀವ್ಸ್, ಸಿಲೋನ್‌ಗಳಲ್ಲಿಯೂ ಅನ್ನವೇ. ಕೊನೆಕೊನೆಗೆ ನೀರು ಕುಡಿಯದೆ ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದಿದ್ದಾರೆ!

ಸುಲ್ತಾನರು ನಸುಕಿಗೂ ಮೊದಲೇ ಮಸೀದಿಗೆ ಬಂದು ಬೆಳಗಾಗುವವರೆಗೆ ಕುರ್‌ಆನ್ ಓದುತ್ತಿದ್ದರು. ತಿಂಗಳ ಬೆಳದಿಂಗಳ ಮೂರು ದಿನ ಉಪವಾಸವಿದ್ದು ಇಫ್ತಾರ್‌ಗೆ ಅತಿಥಿಯನ್ನು ಕರೆಯುತ್ತಿದ್ದರು. ಎಲ್ಲವನ್ನೂ ಕಳೆದುಕೊಂಡು ಬಂದಿದ್ದ ಇಬ್ನ್ ಬತೂತರೂ ಇಲ್ಲಿಯೇ ಮಸೀದಿಯಲ್ಲಿ ಕುಳಿತು ದಿನಕ್ಕೊಮ್ಮೆ, ಮುಂದೆ ದಿನಕ್ಕೆರಡು ಬಾರಿ ಕುರ್‌ಆನ್ ಪಾರಾಯಣವನ್ನು ಪೂರ್ಣಗೊಳಿಸುತ್ತಿದ್ದರು.

ಊರಿನ ಗಣ್ಯರ ಹೆಸರುಗಳನ್ನು ಅವರು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಖಾಝಿ ನೂರುದ್ದೀನ್ ಅಲಿ ಇದ್ದಾರೆ, ಅಲ್ಲಾಹನ ಗ್ರಂಥವನ್ನು ಕಲಿಸುತ್ತಿದ್ದ ಫಕೀಹ್ ಇಸ್ಮಾಈಲ್ ಇದ್ದಾರೆ. ಆ 13 ಶಾಲೆಗಳಲ್ಲಿ ಕಲಿಸಿದವರ ಅಥವಾ ಕಲಿತವರ ಹೆಸರು ಒಂದೂ ಇಲ್ಲ.