ಮನೆಯ ಸಾಗರ ಅಕ್ವೇರಿಯಂನಲ್ಲಿ ಫೈಲ್‌ಫಿಶ್ ಪಾಲನೆ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಭಾಗಗಳಲ್ಲಿ ಸಮುದ್ರದ ಮೀನು ಸಾಕಬಯಸುವವರಿಗೂ, ಅಲಂಕಾರಿಕ ಮೀನು ಮಾರಾಟವನ್ನು ಉಪಕಸುಬಾಗಿ ಕೈಗೊಂಡ ರೈತ ಯುವಕರಿಗೂ ಈ ಮಾಹಿತಿ ಉಪಯುಕ್ತ. ಫೈಲ್‌ಫಿಶ್ ಹಲವು ವೇಳೆ ರೋಗದಿಂದಲ್ಲ, ಆಹಾರ ಮುಟ್ಟದೆ ಸಾಯುತ್ತದೆ. ಆದ್ದರಿಂದ ಖರೀದಿಗೆ ಮುನ್ನವೇ ಎಚ್ಚರ ವಹಿಸುವುದು ಅಗತ್ಯ.

ಪರಿಚಯ
ಚರ್ಮವು ಅರದಂತೆ ಒರಟಾಗಿರುವುದರಿಂದ ಈ ಹೆಸರು. ಸ್ವಭಾವತಃ ಅಂಜುಬುರುಕ, ಸುತ್ತಲಿನ ಪಾಚಿಗೆ ಹೊಂದುವಂತೆ ಬಣ್ಣ ಬದಲಿಸುತ್ತದೆ. ರಾತ್ರಿ ಪಾಚಿಯ ಎಳೆಯನ್ನು ಬಾಯಿಂದ ಕಚ್ಚಿ ಹಿಡಿದು ನಿದ್ರಿಸುವುದೂ ಉಂಟು.

ತಳಿಯ ಆಯ್ಕೆ
ಕಿತ್ತಳೆ ಚುಕ್ಕೆಯ ಫೈಲ್‌ಫಿಶ್ (ಆಕ್ಸಿಮೊನಾಕ್ಯಾಂತಸ್ ಲಾಂಗಿರಾಸ್ಟ್ರಿಸ್) ಅತ್ಯಂತ ಸುಂದರ. ಆದರೆ ಅದರ ಸಹಜ ಆಹಾರ ಬಹುತೇಕ ಆಕ್ರೊಪೊರಾ ಎಂಬ ಜೀವಂತ ಹವಳ. ಗಟ್ಟಿ ಹವಳಗಳು ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿ 1ರಲ್ಲಿ ಸೇರಿವೆ. ಈ ಮೀನನ್ನು ಕೊಳ್ಳದಿರುವುದೇ ಲೇಸು. ಸುಮಾರು 12 ಸೆಂ.ಮೀ. ವರೆಗೆ ಬೆಳೆಯುವ ಆಕ್ರಿಕ್ತಿಸ್ ಟೊಮೆಂಟೋಸಸ್ ಜಾತಿಯು ಸಿಗಡಿ ಮುಂತಾದ ಆಹಾರಕ್ಕೆ ಒಗ್ಗುತ್ತದೆ. ಆರಂಭಿಕರಿಗೆ ಇದು ಸೂಕ್ತ.

ತೊಟ್ಟಿ ಮತ್ತು ನೀರು
• ಕನಿಷ್ಠ 150 ಲೀಟರ್ ತೊಟ್ಟಿ. ಅಡಗಲು ಕಲ್ಲಿನ ಸಂದುಗಳು.
• ಕಾವೇರಿ ನೀರಿನಲ್ಲಿ ಕ್ಲೋರಿನ್, ಕೊಳವೆಬಾವಿ ನೀರಿನಲ್ಲಿ ಗಡಸುತನ ಹಾಗೂ ನೈಟ್ರೇಟ್ ಇರಬಹುದಾದ್ದರಿಂದ ಆರ್‌ಒ ನೀರಿಗೆ ಅಕ್ವೇರಿಯಂ ಉಪ್ಪನ್ನು ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿ. ಅಡುಗೆ ಉಪ್ಪು ಬಳಸಬಾರದು.
• ಉಷ್ಣತೆ 25–27 ಡಿಗ್ರಿ ಸೆ., ರಸಸಾರ 8.1–8.4. ಬೆಂಗಳೂರಿನ ಚಳಿಗಾಲಕ್ಕೆ ಹೀಟರ್, ವಿದ್ಯುತ್ ಕಡಿತಕ್ಕೆ ಬ್ಯಾಟರಿ ಚಾಲಿತ ಗಾಳಿ ಪಂಪ್ ಇರಲಿ.
• ಮೀನು ಬಿಡುವ ಮೊದಲು ತೊಟ್ಟಿಯನ್ನು 4–6 ವಾರ ಹದಗೊಳಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಶೂನ್ಯವಾಗಿರಬೇಕು.

ಆಹಾರ
ಕೊಳ್ಳುವಾಗ ಮೀನು ತಿನ್ನುವುದನ್ನು ಅಂಗಡಿಯಲ್ಲಿಯೇ ಕಣ್ಣಾರೆ ನೋಡಿ. ಹೊಟ್ಟೆ ಒಳಸರಿದಿದ್ದರೆ ಬೇಡ. ಬಾಯಿ ಚಿಕ್ಕದಾದ್ದರಿಂದ ಆರ್ಟೀಮಿಯಾ, ಮೈಸಿಸ್ ಅಥವಾ ಸಣ್ಣಗೆ ಹೆಚ್ಚಿದ ಸಿಗಡಿಯನ್ನು ದಿನಕ್ಕೆ 3–4 ಬಾರಿ ಸ್ವಲ್ಪ ಸ್ವಲ್ಪವಾಗಿ ನೀಡಿ. ಮೊದಲ ದಿನಗಳಲ್ಲಿ ಬೆಳಕು ಮಂದವಾಗಿರಲಿ. ಟ್ರಿಗರ್ ಮೀನಿನಂತಹ ಆಕ್ರಮಣಶೀಲ ಮೀನುಗಳೊಡನೆ ಬಿಟ್ಟರೆ ಇದು ಮರೆಯಲ್ಲಿಯೇ ಉಳಿದು ಸೊರಗುತ್ತದೆ.

ಬದಲಿಸಿದ ನೀರಿನ ವಿಲೇವಾರಿ
ವಾರಕ್ಕೊಮ್ಮೆ ಶೇ. 10ರಷ್ಟು ನೀರು ಬದಲಿಸಿ. 150 ಲೀಟರ್ ತೊಟ್ಟಿಯಿಂದ ತೆಗೆದ 15 ಲೀಟರ್ ನೀರಿನಲ್ಲಿ ಸುಮಾರು ಅರ್ಧ ಕಿಲೋ ಉಪ್ಪಿರುತ್ತದೆ. ಸಿಹಿನೀರಿನ ಮೀನುತೊಟ್ಟಿಯ ನೀರು ಗಿಡಗಳಿಗೆ ಗೊಬ್ಬರ. ಈ ನೀರು ವಿಷ. ಮಣ್ಣಿನ ವಿದ್ಯುತ್ ವಾಹಕತೆ ಮೀಟರಿಗೆ 1 ಡೆಸಿಸೀಮೆನ್ಸ್ ದಾಟಿದರೆ ಬೀನ್ಸ್ ಇಳುವರಿ ಕುಗ್ಗತೊಡಗುತ್ತದೆ. ಸಮುದ್ರದ ನೀರಿನದು ಸುಮಾರು 50. ಕೈತೋಟ, ತಾರಸಿ ಕುಂಡ, ಕೆರೆ ಇವುಗಳಿಗೆ ಸುರಿಯದೆ ಒಳಚರಂಡಿಗೇ ಬಿಡಿ.

ಎರಡು ತಿಂಗಳು ನೀರಿನ ಗುಣಮಟ್ಟವನ್ನು ಕಾಯ್ದುಕೊಳ್ಳಲು ನಿಮಗೆ ಸಾಧ್ಯವಾದರೆ ಮಾತ್ರ ಮೀನು ತನ್ನಿ. ಖಾಲಿ ತೊಟ್ಟಿಯಿಂದ ನಷ್ಟವಿಲ್ಲ. ಅವಸರಕ್ಕೆ ತಂದ ಮೀನು ಬದುಕುವುದು ಕಷ್ಟ.